ಕೋಳ ಹಾಕುವುದಲ್ಲ, ಬಿಚ್ಚುವುದು ಕಷ್ಟ

ಜೈಲಿಗೆ ಹೊಸ ವಾರ್ಡರ್‌ಗಳ ಬ್ಯಾಚು ಬಂದ ಮೊದಲ ದಿನ ನಾನು ಪಾಠ ಮಾಡುತ್ತಿರಲಿಲ್ಲ. ಮೇಜಿನ ಮೇಲೆ ಕೋಳಗಳನ್ನು ಸುರಿದು, "ಪಕ್ಕದವನ ಕೈಗೆ ಹಾಕ್ರಪ್ಪಾ, ಬೆನ್ನ ಹಿಂದೆ" ಎನ್ನುತ್ತಿದ್ದೆ. ನಗುತ್ತಾ, ಫೋಟೋ ತೆಗೆಯುತ್ತಾ ಹಾಕಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರ ಮುಂದೆ ಒಂದೊಂದು ಲೋಟ ಚಹಾ ಇಡಿಸಿ, ನಾನು ಕುರ್ಚಿ ಎಳೆದುಕೊಂಡು ನನ್ನ ಚಹಾ ಕುಡಿಯುತ್ತಾ ಕೂರುತ್ತಿದ್ದೆ. ಐದು ನಿಮಿಷಕ್ಕೆ ನಗು ನಿಲ್ಲುತ್ತಿತ್ತು. ಹತ್ತಕ್ಕೆ ಯಾರಿಗಾದರೂ ಮೂಗು ತುರಿಸಲು ಶುರುವಾಗುತ್ತಿತ್ತು. ಹದಿನೈದಕ್ಕೆ "ಸಾರ್, ಬಿಗಿ ಆಗ್ತಿದೆ" ಎಂಬ ದನಿ. "ನೆಲದ ಮೇಲೆ ಕೂತು ಎದ್ದೇಳಿ" ಎನ್ನುತ್ತಿದ್ದೆ. ಕೈ ಊರದೆ ಏಳುವುದು ಇಪ್ಪತ್ತೈದರ ಹುಡುಗರಿಗೂ ಸುಲಭವಲ್ಲ. ಒಬ್ಬಿಬ್ಬರು ಪಕ್ಕಕ್ಕೆ ವಾಲಿ ಬೀಳುತ್ತಿದ್ದರು. ಹಿಡಿಯಲು ನಾನು ಹತ್ತಿರವೇ ನಿಂತಿರುತ್ತಿದ್ದೆ. ಬಿದ್ದವನ ಮುಖದ ಮೇಲೆ ಒಂದು ಕ್ಷಣ ಕಾಣುವ ಗಾಬರಿ ಇದೆಯಲ್ಲ, ಅದನ್ನು ಉಳಿದವರು ನೋಡಲಿ ಅಂತಲೇ ಇಷ್ಟೆಲ್ಲ. ಚಹಾ ಆರಿರುತ್ತಿತ್ತು.

ನಾನು ಸೇರಿದಾಗ ನನಗೆ ಯಾರೂ ಹೀಗೆ ಕಲಿಸಿರಲಿಲ್ಲ. ಹಿರಿಯರೊಬ್ಬರು ಕೋಳ ಕೈಗೆ ಕೊಟ್ಟು, "ಕಟಕಟ ಅನ್ನೋವರೆಗೂ ಒತ್ತು, ಅಷ್ಟೇ" ಎಂದಿದ್ದರು. ಆ ಒಂದು ಮಾತಿನ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ನೌಕರಿ ನಡೆಯಿತು. ಒಂದು ರಾತ್ರಿ ಆ ಪಾಠದ ಬೆಲೆ ಗೊತ್ತಾಯಿತು.

ಕೈದಿಯನ್ನು ಕೋರ್ಟಿಗೋ ಆಸ್ಪತ್ರೆಗೋ ಕರೆದೊಯ್ಯುವುದು ಸಾಮಾನ್ಯವಾಗಿ ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಬೆಂಗಾವಲಿನವರ ಕೆಲಸ. ಆದರೆ ನಡುರಾತ್ರಿ ಒಬ್ಬನಿಗೆ ಹೊಟ್ಟೆ ಹಿಡಿದುಕೊಂಡರೆ ಬೆಂಗಾವಲು ಬರುವ ತನಕ ಕಾಯಲಾಗುತ್ತದೆಯೇ? ಜೈಲಿನವರೇ ಹೊರಡಬೇಕು. ಅವತ್ತು ನಾನು ಮತ್ತು ಇನ್ನೊಬ್ಬ ವಾರ್ಡರ್, ಜೊತೆಗೆ ಧಾರವಾಡ ಕಡೆಯ ಒಬ್ಬ ನಡುವಯಸ್ಸಿನ ವಿಚಾರಣಾಧೀನ ಕೈದಿ. ಮುಂದೆ ಕೈ ಇರಿಸಿ ಕೋಳ ಹಾಕಿದೆ. ಕಟಕಟ ಅಂದಿತು. ಜೀಪು ಹೊರಟಿತು. ರಸ್ತೆ ಹೇಗಿತ್ತೆಂದು ಹೇಳುವುದೇ ಬೇಡ. ನೋವಿಗೆ ಆತ ಮುದುರಿಕೊಂಡು ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡಿದ್ದ. ಪ್ರತಿ ಗುಂಡಿಗೂ ಕೋಳದ ಒಂದೊಂದು ಹಲ್ಲು ಒಳಗೆ ಸರಿಯುತ್ತಿತ್ತು; ಜೀಪಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆತ ನರಳುತ್ತಿದ್ದುದೆಲ್ಲ ಹೊಟ್ಟೆನೋವಿಗೆ ಅಂದುಕೊಂಡೆ. ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಬೆರಳುಗಳು ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಡ್ಯೂಟಿ ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ನನ್ನ ಮುಖ ನೋಡಿ, "ಇದು ತೆಗೀರಿ ಮೊದಲು" ಎಂದರು. ಅದನ್ನು ಅವರು ಹೇಳಿದ ದನಿ ಇನ್ನೂ ಕಿವಿಯಲ್ಲಿದೆ.

ಹೊಟ್ಟೆನೋವು ಎರಡು ದಿನಕ್ಕೆ ಹೋಯಿತು. ವಾರಗಟ್ಟಲೆ ಆದಮೇಲೂ ಆತ ಬ್ಯಾರಕ್ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಸಾಹೇಬ್ರ, ಹೆಬ್ಬಟ್ಟಿನ ಮ್ಯಾಲೆ ಇನ್ನೂ ಜೋಮ್ ಐತ್ರಿ, ಚಿವುಟಿದ್ರೂ ಗೊತ್ತಾಗಂಗಿಲ್ಲ" ಎಂದು ಕೈ ತೋರಿಸುತ್ತಿದ್ದ. ದೂರು ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಆಮೇಲೆ ನಾನಾಗಿಯೇ ಜೈಲಿನ ಡಾಕ್ಟರ ಬಳಿ ಹೋಗಿ ಕೇಳಿದೆ. ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ ಒಂದು ನರ ಚರ್ಮದ ಕೆಳಗೇ, ಮೂಳೆಗೆ ಅಂಟಿದ ಹಾಗೆ ಹಾದುಹೋಗುತ್ತದೆ. ಹೆಬ್ಬೆರಳಿನ ಹಿಂಬದಿಯ ಸ್ಪರ್ಶ ಅದರದು. ಕಬ್ಬಿಣದ ಅಂಚು ಒತ್ತಿದರೆ ಮೊದಲು ಸಿಗುವುದು ಅದೇ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ.

ಇದಕ್ಕೆ ಮದ್ದು ಕೋಳದಲ್ಲೇ ಇದೆ, ಡಬಲ್ ಲಾಕ್. ಕೋಳದ ತಿರುಗುವ ತೋಳಿಗೆ ಹಲ್ಲುಗಳಿವೆ, ಒಳಗೆ ಒಂದು ಸ್ಪ್ರಿಂಗಿನ ಕೊಕ್ಕೆ. ಕೊಕ್ಕೆ ಹಲ್ಲನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಕೀಲಿಯ ತಲೆಯ ಮೇಲೆ ಒಂದು ಪುಟ್ಟ ಮೊಳೆಯಿದೆ. ಅದರಿಂದ ಕೋಳದ ಅಂಚಿನಲ್ಲಿರುವ ಗುಂಡಿ ಒತ್ತಿದರೆ ಕೊಕ್ಕೆ ಜಡವಾಗಿ, ಹಲ್ಲು ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಎರಡು ಸೆಕೆಂಡಿನ ಕೆಲಸ. ಆ ಮೊಳೆ ಯಾಕಿದೆ ಎಂದು ಅಷ್ಟು ವರ್ಷ ನಾನು ಯಾರನ್ನೂ ಕೇಳಿರಲಿಲ್ಲ. ಕಿವಿ ಕೆರೆಯಲು ಬಳಸುತ್ತಿದ್ದೆ.

ಮುಖ್ಯ ವಾರ್ಡರ್ ಆಗಿ, ಹುಡುಗರಿಗೆ ಇದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲ ದಿನ ಚಹಾ, ಎರಡನೇ ದಿನ ಕಾನೂನು ಎಂದು ಇಟ್ಟುಕೊಂಡೆ. ಕಾನೂನೆಂದರೆ ಹುಡುಗರಿಗೆ ಆಕಳಿಕೆ. ಅದಕ್ಕೆ ಕಥೆಯಾಗಿಯೇ ಹೇಳುತ್ತಿದ್ದೆ. ತಿಹಾರ್ ಜೈಲಿನಿಂದ ಪ್ರೇಮ್ ಶಂಕರ್ ಶುಕ್ಲಾ ಎಂಬ ವಿಚಾರಣಾಧೀನ ಕೈದಿ ತನಗೆ ಕೋಳ ಹಾಕುತ್ತಿದ್ದಾರೆಂದು ಸುಪ್ರೀಂ ಕೋರ್ಟಿಗೆ ಒಂದು ಟೆಲಿಗ್ರಾಂ ಕಳಿಸಿದ. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಬಂತು: ಕೋಳ ಮಾಮೂಲಲ್ಲ, ಕೊನೆಯ ದಾರಿ, ಹಾಕಿದರೆ ಕಾರಣ ಬರೆಯಬೇಕು, ನ್ಯಾಯಾಧೀಶರಿಗೆ ತೋರಿಸಬೇಕು. ಗುವಾಹಟಿಯಲ್ಲಿ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿನೊಳಗೆ, ಕಾವಲು ಇದ್ದೂ, ರೋಗಿ ಕೈದಿಗಳಿಗೆ ಕೋಳ ಹಾಕಿ ಹಗ್ಗ ಕಟ್ಟಿದ್ದನ್ನು ಪತ್ರಕರ್ತ ಕುಲದೀಪ್ ನಯ್ಯರ್ ಪತ್ರ ಬರೆದು ತಿಳಿಸಿದ ಮೇಲೆ 1995ರಲ್ಲಿ ಅದೇ ಕೋರ್ಟಿನಿಂದ ಇನ್ನೂ ಖಡಕ್ಕಾದ ಮಾತು ಬಂತು: ಜೈಲಿನೊಳಗಾಗಲಿ, ಜೈಲಿನಿಂದ ಕೋರ್ಟಿಗೆ ಹೋಗಿ ಬರುವಾಗಲಾಗಲಿ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೋಳವಿಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ, ಕೋಳ ಹಾಕಿಸಿಕೊಂಡು ಬೀದಿಯಲ್ಲಿ ನಡೆದ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಈ ಮೊತ್ತ ಹೇಳಿದಾಗ ಆಕಳಿಕೆ ನಿಲ್ಲುತ್ತಿತ್ತು.

ಈಗಿನ ಹುಡುಗರು ಬೇರೆ ವಾದ ತರುತ್ತಾರೆ. "ಹೊಸ ಕಾನೂನಲ್ಲಿ ಕೋಳ ಹಾಕಬಹುದಂತಲ್ಲ ಸಾರ್?" ಹೌದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಲ್ಲಿ ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಸಂಘಟಿತ ಅಪರಾಧ, ಹಿಂದೆ ತಪ್ಪಿಸಿಕೊಂಡವನು ಇಂಥವಕ್ಕೆ ಅವಕಾಶವಿದೆ. ಆದರೆ ಸರಿಯಾಗಿ ಓದಿ: ಅದು ಪೊಲೀಸ್ ಅಧಿಕಾರಿಗೆ ಹೇಳಿದ್ದು, ದಸ್ತಗಿರಿ ಮಾಡುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ. ಆಸ್ಪತ್ರೆ ಮಂಚದ ಮಾತು ಅಲ್ಲಿಲ್ಲ, ಜೈಲು ವಾರ್ಡರನ ಹೆಸರೂ ಇಲ್ಲ. ನನ್ನ ಆ ರಾತ್ರಿಯ ಕೋಳಕ್ಕೆ ಅಂದೂ ಅನುಮತಿ ಇರಲಿಲ್ಲ, ಇಂದೂ ಸಿಗುತ್ತಿರಲಿಲ್ಲ ಎಂದು ನಾನೇ ಹೇಳಿಬಿಡುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ಹೊರಳಾಡುವವನು ಓಡಿ ಎಲ್ಲಿಗೆ ಹೋಗುತ್ತಾನೆ?

ಹಾಕುವ ವಿಧಾನ ಒಂದೇ ಮಧ್ಯಾಹ್ನದ ಪಾಠ. ಮೊದಲು ಮಾತು: "ಕೋಳ ಹಾಕ್ತೀನಪ್ಪಾ, ತಿರುಗಿ ನಿಂತ್ಕೋ, ಅಂಗೈ ಹೊರಗೆ." ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಾಚು, ಕಡಗ, ಹರಕೆಯ ದಾರ, ಅಂಗಿಯ ತೋಳು ಕೋಳದ ಕೆಳಗೆ ಸಿಕ್ಕಬಾರದು. ಮಣಿಕಟ್ಟಿನ ಉಬ್ಬು ಮೂಳೆಯ ಮೇಲಲ್ಲ, ಅದನ್ನು ದಾಟಿ ಕೈಯ ಸಣ್ಣ ಭಾಗದಲ್ಲಿ ಕೂರಿಸಬೇಕು. ಕೀಲಿತೂತು ಬೆರಳುಗಳಿಗೆ ಬೆನ್ನು ಮಾಡಿರಬೇಕು. ಸಿನಿಮಾದಲ್ಲಿ ಮಾಡುವ ಹಾಗೆ ಫಟ್ಟೆಂದು ಬಡಿಯಬೇಡಿ, ಮೂಳೆಗೆ ಪೆಟ್ಟಾಗುತ್ತದೆ. ಕೋಳದ ತೋಳನ್ನು ಮಣಿಕಟ್ಟಿಗೆ ತಾಗಿಸಿ ಒತ್ತಿದರೆ ತಾನೇ ಸುತ್ತಿ ಬರುತ್ತದೆ. ಆಮೇಲೆ ನಿಮ್ಮ ಕಿರುಬೆರಳಿನ ತುದಿ ಸಂದಿಯಲ್ಲಿ ಹೋಗಬೇಕು. ಹೋಯಿತೇ? ಡಬಲ್ ಲಾಕ್. ರಿಜಿಸ್ಟರಿನಲ್ಲಿ ಸಮಯ. ಇಷ್ಟೇ.

ಹಾಕಿದ ಮೇಲಿನ ಹೊತ್ತನ್ನು ಯಾರೂ ಪಾಠ ಅಂದುಕೊಳ್ಳುವುದಿಲ್ಲ. ಕೋಳ ಬಿದ್ದ ಮನುಷ್ಯ ನಿಮ್ಮ ಕೈಯ ಕೂಸಿದ್ದ ಹಾಗೆ. ಎಡವಿದರೆ ಊರಲು ಅವನಿಗೆ ಕೈ ಇಲ್ಲ. ಮೆಟ್ಟಿಲಲ್ಲಿ ರಟ್ಟೆ ಹಿಡಿದಿರಬೇಕು. ಕೂಗಾಡಿದವನನ್ನು ಬೋರಲು ಹಾಕಿ ಕೋಳ ತೊಡಿಸಿದ್ದರೆ ಆ ಕ್ಷಣವೇ ಬೆನ್ನ ಮೇಲಿಂದ ಎದ್ದು, ಅವನನ್ನು ಪಕ್ಕಕ್ಕೆ ಹೊರಳಿಸಿ, ಕೂರಿಸಬೇಕು. ಬೋರಲು ಬಿದ್ದವನ ಬೆನ್ನ ಮೇಲೆ ಮೊಣಕಾಲಿಟ್ಟರೆ ಎದೆ ಹಿಗ್ಗುವುದಿಲ್ಲ. "ಉಸಿರಾಡಕ್ಕಾಗ್ತಿಲ್ಲ" ಎಂದವನಿಗೆ "ಮಾತಾಡ್ತೀಯಲ್ಲ, ಉಸಿರು ಇದೆ ಬಿಡು" ಎನ್ನುವ ವಾರ್ಡರ್‌ಗಳನ್ನು ನಾನು ನೋಡಿದ್ದೇನೆ. ನನ್ನ ತರಗತಿಯಲ್ಲಿ ಆ ಮಾತು ಆಡಿದ ಹುಡುಗನನ್ನು ಜಮಖಾನದ ಮೇಲೆ ಬೋರಲು ಮಲಗಿಸಿ, ಕೈಗಳನ್ನು ಬೆನ್ನ ಹಿಂದೆ ಹಿಡಿಸಿ, ಒಂದು ಪ್ಯಾರಾ ಓದಲು ಹೇಳಿದೆ. ಯಾರೂ ಅವನ ಮೇಲೆ ಕೂತಿರಲಿಲ್ಲ. ಆದರೂ ಮೂರನೇ ಸಾಲಿಗೆ ದನಿ ಸಣ್ಣಗಾಯಿತು. ಅಷ್ಟಕ್ಕೇ ಎಬ್ಬಿಸಿದೆ.

ಹದಿನೈದು ನಿಮಿಷಕ್ಕೊಮ್ಮೆ ಉಗುರು ಒತ್ತಿ ನೋಡುವುದು: ಬಿಳಚಿದ್ದು ತಟ್ಟನೆ ಕೆಂಪಾಗಬೇಕು. ಹೆರಿಗೆ ನೋವಿನಲ್ಲಿರುವ, ಆಗತಾನೆ ಹೆತ್ತ ಹೆಣ್ಣಿಗೆ ಯಾವ ಕಾರಣಕ್ಕೂ ಕೋಳವಿಲ್ಲ. ಮಂಡೇಲಾ ಹೆಸರಿನ ವಿಶ್ವಸಂಸ್ಥೆಯ ನಿಯಮಗಳಲ್ಲೂ ಇದು ಬರಹದಲ್ಲಿದೆ. ಮಹಿಳಾ ವಾರ್ಡರ್‌ಗಳಿಗೆ ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ.

ಇನ್ನು ಬಿಚ್ಚುವುದು. ಎರಡು ದಿನ ಇದಕ್ಕೇ ಇಡುತ್ತಿದ್ದೆ; ಕೆಲವರು ನಗುತ್ತಿದ್ದರು. ಒಂದು ಬ್ಯಾಚಿನಲ್ಲಿ ಕೈದಿಯ ಪಾತ್ರ ಮಾಡುತ್ತಿದ್ದವನ ಬಲಗೈ ಬಿಚ್ಚಿದ ಕೂಡಲೇ, ಬಿಚ್ಚುತ್ತಿದ್ದವನು ಕೀಲಿ ನೋಡಲು ಕತ್ತು ಬಗ್ಗಿಸಿದ. ಜೋಮು ಹಿಡಿದ ತೋಳನ್ನು ಪಾತ್ರಧಾರಿ ಸುಮ್ಮನೆ ಒಮ್ಮೆ ಕೊಡವಿಕೊಂಡ, ಅಷ್ಟೇ. ಎಡಗೈಯಲ್ಲಿ ನೇತಾಡುತ್ತಿದ್ದ ತೆರೆದ ಕೋಳ ಬೀಸಿ ಬಂದು ಇವನ ಹುಬ್ಬು ಸೀಳಿತು. ಮೂರು ಹೊಲಿಗೆ. ಬೇಕೆಂದು ಬೀಸುವವನಾಗಿದ್ದರೆ ಕಣ್ಣು ಹೋಗುತ್ತಿತ್ತು. ಕೋಳ ಹಾಕಿರುವಾಗ ಅದು ನಿಮ್ಮದು; ಒಂದು ಕೈ ಬಿಟ್ಟ ಗಳಿಗೆಯಿಂದ ಅದು ಅವನ ಆಯುಧ.

ಆದ್ದರಿಂದ ನನ್ನ ಕ್ರಮ ಇದು. ಎಲ್ಲಿ ಬಿಚ್ಚುವುದೆಂದು ಮೊದಲೇ ನಿರ್ಧರಿಸಿ: ಬಾಗಿಲು ಮುಚ್ಚಿದ ಜಾಗ, ಇಬ್ಬರು ಸಿಬ್ಬಂದಿ. ಕೈದಿ ಗೋಡೆಗೆ ಮುಖ ಮಾಡಿ ನಿಲ್ಲಲಿ. ಒಬ್ಬ ನಡುವಿನ ಸರಪಳಿ ಹಿಡಿದೇ ಇರಬೇಕು, ಕೊನೆಯ ತನಕ. ಕೀಲಿಯನ್ನು ಮೊದಲು ತೆರೆಯುವ ದಿಕ್ಕಿಗೆ ವಿರುದ್ಧ ತಿರುಗಿಸಿ. ಡಬಲ್ ಲಾಕ್ ಬಿಡುತ್ತದೆ. ಆಮೇಲೆ ಸರಿ ದಿಕ್ಕಿಗೆ. ಇದು ಗೊತ್ತಿಲ್ಲದೆ ಜೋರಾಗಿ ತಿರುಗಿಸಿ ಕೀಲಿ ಬಗ್ಗಿಸಿದವರು ಬ್ಯಾಚಿಗೊಬ್ಬರಾದರೂ ಸಿಗುತ್ತಿದ್ದರು. ಬಿಟ್ಟ ಕೈ ತಲೆಯ ಮೇಲೆ ಹೋಗಲಿ. ಕಳಚಿದ ಕೋಳದ ಬಳೆಯನ್ನು ತಕ್ಷಣ ಮುಚ್ಚಿ ನಿಮ್ಮ ಮುಷ್ಟಿಯಲ್ಲಿ ಹಿಡಿದು, ಆಮೇಲೆ ಎರಡನೇ ಕೈ. ಕೊನೆಗೆ ಮಣಿಕಟ್ಟು ನೋಡಿ, "ಬೆರಳು ಆಡಿಸಪ್ಪಾ" ಎನ್ನಿ. ಗುರುತು ಕಂಡರೆ ಬರೆಯಿರಿ. ಮುಚ್ಚಿಟ್ಟರೆ ನಾಳೆ ಅದು ಹತ್ತು ಪಟ್ಟಾಗುತ್ತದೆ. ಕೀಲಿ ಇಬ್ಬರ ಬಳಿ ಒಂದೊಂದು. ಗಾಡಿ ಮಗುಚಿದಾಗ ಕೀಲಿ ಇದ್ದವನೇ ಎಚ್ಚರ ತಪ್ಪಿ ಬಿದ್ದರೆ ಏನು ಗತಿ ಎಂದು ಯೋಚಿಸಿ ನೋಡಿ.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಬೆಳಗಿನ ಜಾವ ಫೋನ್ ಬಂತು. ನನ್ನ ಬಳಿ ಕಲಿತ ಹುಡುಗ, ರಾಯಚೂರು ಕಡೆಯವನು. ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬ ಕೈದಿಗೆ ಏದುಸಿರು ಶುರುವಾಗಿದೆ, ಬೆಂಗಾವಲು ಬರುವುದು ತಡ, ಇವರೇ ಕರೆದೊಯ್ಯಬೇಕು. "ಸಾರ್, ಎಡಗೈ ಹಿಡಿದು ನೋಡಿದೆ. ಮೊಣಕೈ ಕೆಳಗೆ ಚರ್ಮದೊಳಗೆ ಏನೋ ಗುರುಗುರು ಅಂತದ, ಬೆಕ್ಕಿನ ಹೊಟ್ಟೆ ಮುಟ್ಟಿದಂಗ." ಅದು ಡಯಾಲಿಸಿಸ್‌ಗೆಂದು ಶುದ್ಧ ರಕ್ತನಾಳ, ಅಶುದ್ಧ ರಕ್ತನಾಳ ಸೇರಿಸಿ ಹೊಲಿದ ಜಾಗ. ಅದರ ಮೇಲೆ ಬಿಗಿ ಬಿದ್ದು ರಕ್ತ ಹೆಪ್ಪುಗಟ್ಟಿದರೆ ಆ ಮನುಷ್ಯನ ಡಯಾಲಿಸಿಸ್ ದಾರಿಯೇ ಮುಚ್ಚಿಹೋಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಅವನು ಮುಟ್ಟಿ ನೋಡಿದ್ದ.

"ಆ ಕೈಗೆ ಏನೂ ಕಟ್ಟಬೇಡ. ಬಿಪಿ ಪಟ್ಟಿ ಕೂಡ ಅಲ್ಲಿ ಹಾಕಿಸಬೇಡ."

"ಬಲಗೈಗೊಂದೇ ಹಾಕ್ಲೇನ್ರಿ ಸಾರ್?"

"ನಡೆಯೋಕೆ ಆಗ್ತದಾ ಅವನಿಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ ಸಾರ್, ಸ್ಟ್ರೆಚರ್ ಮ್ಯಾಗ ಅದಾನ."

ಮತ್ತೆ ಏನೂ ಕೇಳದೆ ಫೋನ್ ಇಟ್ಟ. ಮಾರನೆಯ ದಿನ ಡ್ಯೂಟಿಗೆ ಹೋದಾಗ ರಿಜಿಸ್ಟರ್ ತೆಗೆದು ನೋಡಿದೆ. ಹೊರಟ ಸಮಯ ಇತ್ತು, ಹಿಂದಿರುಗಿದ ಸಮಯ ಇತ್ತು. ಕೋಳ ತೊಡಿಸಿದ ಕಾಲಂನಲ್ಲಿ ಸ್ಕೇಲಿಟ್ಟು ಎಳೆದ ಒಂದು ಗೆರೆ, ಪಕ್ಕದಲ್ಲಿ ಅವನ ಸಹಿ.