ಬಳ್ಳಾರಿ ಬಿಸಿಲಲ್ಲಿ ರೋಟರಿ ಇಂಜಿನ್: ಆರ್‌ಎಕ್ಸ್-7ಗೆ ಆಯಿಲ್ ಕೂಲರ್ ಹಾಕಿಸಿದ ನನ್ನ ಅನುಭವ

ನನ್ನ ಹತ್ರ ಇರೋದು 1984ರ ಮಜ್ದಾ ಆರ್‌ಎಕ್ಸ್-7, 12ಎ ಅನ್ನೋ ರೋಟರಿ ಇಂಜಿನ್ನು (ಪಿಸ್ಟನ್ ಬದಲು ಒಳಗೆ ರೋಟರ್ ತಿರುಗೋ ಇಂಜಿನ್ನು), 1146 ಸಿಸಿ. ಹಳೇ ಓನರ್ ಯಾವಾಗಲೋ ಹೊರದೇಶದಿಂದ ತಂದಿದ್ದು, ಅವರ ಮಕ್ಕಳಿಗೆ ಇದು ಬೇಡವಾಗಿತ್ತು, ನನ್ನ ಕೈಗೆ ಬಂತು. ಬಳ್ಳಾರಿಯಲ್ಲಿ ಇಂಥ ಗಾಡಿ ಇಟ್ಕೊಂಡಿದೀಯಾ ಅಂತ ನಗೋರು ಜಾಸ್ತಿ, ನಗಲಿ ಬಿಡ್ರಿ. ಆದ್ರೆ ಏಪ್ರಿಲ್ ಬಂತಂದ್ರೆ ನನಗೂ ಹೊಟ್ಟೇಲಿ ಕಲಸಿದಂಗೆ ಆಗ್ತಿತ್ತು, ಯಾಕಂದ್ರೆ ಹೊರಗೇ 40ರ ಮೇಲೆ, ಕುಡತಿನಿ ದಾಟಿ ತೋರಣಗಲ್ ಕಡೆ ಹೋದ್ರೆ ಅದಿರು ಲಾರಿ ಹಿಂದೆ ನಿಂತು ನಿಂತು ಹೋಗಬೇಕು, ಆಯಿಲ್ ಟೆಂಪರೇಚರ್ ಗೇಜ್ ಬೇರೆ ಹಾಕಿಸಿದ್ದೆ, ಮುಳ್ಳು 115 ದಾಟೋದು ಕಣ್ಣಾರೆ ಕಾಣ್ತಿತ್ತು.

ವಾಟರ್ ಟೆಂಪರೇಚರ್ ಸರಿ ಐತಲ್ಲ, ಆಯಿಲ್ ಬಿಸಿ ಆದ್ರೆ ಏನೀಗ ಅಂತ ಕೇಳ್ತಾರೆ. ಮಾಮೂಲಿ ಪಿಸ್ಟನ್ ಇಂಜಿನ್‌ಗೆ ಆ ಮಾತು ಒಂದು ಮಟ್ಟಿಗೆ ಸರಿ. ರೋಟರಿಯಲ್ಲಿ ಕಥೆ ಬೇರೆ. ಒಳಗೆ ತಿರುಗೋ ತ್ರಿಕೋನದ ರೋಟರ್ ಇರ್ತೈತಲ್ಲ, ಅದರ ಹೊಟ್ಟೆ ಟೊಳ್ಳು, ಅಲ್ಲಿಗೆ ನೀರು ಹೋಗೋದೇ ಇಲ್ಲ, ಎಕ್ಸೆಂಟ್ರಿಕ್ ಶಾಫ್ಟ್ (ರೋಟರ್ ಕೂತಿರೋ ಮುಖ್ಯ ಶಾಫ್ಟ್) ಒಳಗಿನ ಜೆಟ್‌ಗಳಿಂದ ಆಯಿಲ್ ಚಿಮ್ಮಿ ರೋಟರ್ ಹೊಟ್ಟೆಯ ಬಿಸಿ ಹೊತ್ಕೊಂಡು ಕೆಳಗೆ ಆಯಿಲ್ ತುಂಬಿರೋ ಸಂಪ್‌ಗೆ ಬೀಳ್ತೈತೆ. ತಣಿಸೋ ಕೆಲಸದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಆಯಿಲ್‌ದೇ ಅಂತಾರೆ. ಹಂಗಾಗಿ ಇಲ್ಲಿ ಆಯಿಲ್ ಬರೀ ಜಿಡ್ಡಲ್ಲ, ಅದೂ ಒಂದು ಕೂಲೆಂಟೇ. ತುಂಬಾ ದಿನ ಅತಿಯಾಗಿ ಕಾದ್ರೆ ರೋಟರ್ ಪಕ್ಕದ ಆಯಿಲ್ ಕಂಟ್ರೋಲ್ ರಿಂಗ್ ಒಳಗಿರೋ ರಬ್ಬರ್ ಓ-ರಿಂಗ್ ಗಟ್ಟಿಯಾಗಿ, ಇಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡ್ತೈತೆ. ಮಜಾ ಏನಂದ್ರೆ ಈ ಇಂಜಿನ್ನು ಹೆಂಗೂ ಸ್ವಲ್ಪ ಆಯಿಲ್ ಸುಡಬೇಕು, ಮೀಟರಿಂಗ್ ಪಂಪ್ ಅನ್ನೋ ಸಣ್ಣ ಪಂಪು ರೋಟರ್ ಮೂಲೆಗಳಲ್ಲಿರೋ ಅಪೆಕ್ಸ್ ಸೀಲ್‌ಗೆ ಅಂತಲೇ ಹನಿ ಹನಿ ಬಿಡ್ತಿರ್ತೈತೆ, ಅದಕ್ಕೇ ಕುಡಿಯೋದು ಜಾಸ್ತಿಯಾಗಿದ್ದು ಬೇಗ ಗೊತ್ತೂ ಆಗಲ್ಲ.

ಶುರುವಿನ ಆರ್‌ಎಕ್ಸ್-7ಗಳಿಗೆ ಮಜ್ದಾನೇ ಮುಂದ್ಗಡೆ ಗಾಳಿಗೆ ತಣಿಯೋ ಆಯಿಲ್ ಕೂಲರ್ ಕೊಟ್ಟಿತ್ತು. ಆಮೇಲೆ ಕೆಲವು 12ಎ ಗಾಡಿಗಳಿಗೆ ಅದನ್ನ ತೆಗೆದು ಆಯಿಲ್ ಫಿಲ್ಟರ್ ಕೆಳಗೆ ದುಂಡಗಿನದೊಂದು ಕೂರಿಸಿದ್ರು, ಜೇನುಗೂಡು ತರ ಇರ್ತೈತೆ ಅಂತ ಹೊರದೇಶದಲ್ಲಿ ಅದಕ್ಕೆ ಬೀಹೈವ್ ಅಂತಲೇ ಕರೀತಾರೆ. ಅದು ರೇಡಿಯೇಟರ್ ನೀರಿಂದ ಆಯಿಲ್ ತಣಿಸ್ತೈತೆ. ತಂಪು ದೇಶಕ್ಕೆ ಓಕೆ, ಮುಂಜಾನೆ ಆಯಿಲ್ ಬೇಗ ಬಿಸಿ ಆಗೋಕೂ ಅನುಕೂಲ. ಇಲ್ಲಿ ನೀರೇ 95ಕ್ಕೆ ಹೋಗಿ ಕೂತಿದ್ರೆ ಆಯಿಲ್ ಅದಕ್ಕಿಂತ ಕೆಳಗೆ ಬರೋದೆಂಗೆ? ಮೇಲಾಗಿ ಆಯಿಲ್ ಬಿಸೀನೂ ರೇಡಿಯೇಟರ್ ತಲೆ ಮೇಲೆ. ಒಳಗಡೆ ಲೀಕ್ ಆದ್ರಂತೂ ನೀರು ಆಯಿಲ್ ಎರಡೂ ಬೆರೆತು ಮಜ್ಜಿಗೆ.

ನನ್ನ ಗಾಡೀಲಿದ್ದಿದ್ದೂ ಅದೇ, ಅದಕ್ಕೆ ಬೀಹೈವ್ ಕಿತ್ತು ಆ ಜಾಗದಲ್ಲಿ ಎರಡು ಬಾಯಿರೋ ಅಡಾಪ್ಟರ್ ಕೂರಿಸಿ ಮುಂದ್ಗಡೆ ಏರ್ ಕೂಲರ್ ಹಾಕೋದು ಅಂತ ತೀರ್ಮಾನ ಮಾಡ್ದೆ. ಅಡಾಪ್ಟರ್, ಕೂಲರ್ ಎರಡೂ ಆರ್ಡರ್ ಮಾಡಿ ತರಿಸಿದ್ದು, ಅದರಲ್ಲಿ ಹೇಳೋಕೆ ಏನೂ ಇಲ್ಲ, ದುಡ್ಡು ಕೊಟ್ರೆ ಬರ್ತೈತೆ. ಸೆಕೆಂಡ್ ಹ್ಯಾಂಡ್ ಕೂಲರ್ ಅಗ್ಗಕ್ಕೆ ಸಿಗ್ತಿತ್ತು, ಬೇಡ ಅಂದೆ. ಯಾವ ಇಂಜಿನ್ ಸೀಜ್ ಆಗಿ ಬಿಚ್ಚಿದ್ದೋ ಏನೋ, ಒಳಗಿನ ಸಣ್ಣ ದಾರೀಲಿ ಲೋಹದ ಚೂರು ಸಿಕ್ಕಿದ್ರೆ ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಆಮೇಲೆ ಸೀದಾ ನಿಮ್ಮ ಬೇರಿಂಗ್‌ಗೇ ಬರ್ತೈತೆ. ನೀರಿನ ಹೋಸ್‌ಗಳು ಬೀಹೈವ್‌ಗೆ ಹೋಗ್ತಿದ್ವಲ್ಲ, ಅವನ್ನ ಮರೀದೆ ಸರಿಯಾಗಿ ಬಂದ್ ಮಾಡಬೇಕು.

ನಿಜವಾದ ಕೆಲಸ ಹೋಸ್‌ದು, ಅದರಲ್ಲಿ ನಮ್ಮೂರಿನಷ್ಟು ಅನುಕೂಲ ಬೇರೆ ಕಡೆ ಇಲ್ಲ ಅಂತ ನನ್ನ ಅಭಿಪ್ರಾಯ. ಮೈನಿಂಗ್ ಊರು, ಟಿಪ್ಪರ್ ಜೆಸಿಬಿಗೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡೋ (ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸೋ) ಅಂಗಡಿ ಬೇಕಾದಷ್ಟಿದಾವೆ. ರೇಸಿಂಗ್‌ನೋರು ಹೋಸ್ ಫಿಟ್ಟಿಂಗ್‌ನ ಎಎನ್-10 ಸೈಜು ಅಂತ ದೊಡ್ಡ ಹೆಸರಲ್ಲಿ ಮಾರ್ತಾರಲ್ಲ, ಹತ್ತು ಅಂದ್ರೆ ಒಂದಿಂಚಿನ ಹದಿನಾರರಲ್ಲಿ ಹತ್ತು ಭಾಗ, ಅಂದ್ರೆ 5/8. ಸೀಟು (ಎರಡು ಫಿಟ್ಟಿಂಗ್ ಒಂದಕ್ಕೊಂದು ಒತ್ತಿ ಕೂರೋ ಇಳಿಜಾರು ಮುಖ) 37 ಡಿಗ್ರಿ, ಥ್ರೆಡ್ 7/8 ಇಂಚು, ಇಂಚಿಗೆ 14. ಹೈಡ್ರಾಲಿಕ್ ಅಂಗಡೀಲಿ ಜೆಐಸಿ ಫಿಟ್ಟಿಂಗ್ ಅಂತ ಡಬ್ಬದಲ್ಲಿ ಬಿದ್ದಿರೋದೂ ಇದೇ ಸೀಟು, ಇದೇ ಥ್ರೆಡ್ಡು, ಸ್ಟೀಲ್‌ದು, ಬೆಲೆ ಕಮ್ಮಿ.

ಅಂಗಡಿ ಹುಡುಗ ಎರಡು ಪದರ ವೈರ್ ಇರೋ ಹೋಸ್ ತೋರಿಸಿ "ಅಣ್ಣಾ ಇದು 250 ಬಾರ್ ಪ್ರೆಷರ್ ತಡೀತೈತೆ, ನಿನ್ ಕಾರಿಗೆ ಸಾಲಲ್ವಾ" ಅಂದ. ನನ್ನ ಇಂಜಿನ್ ಪ್ರೆಷರ್ 5 ಬಾರ್ ಹತ್ರ ಮಾರಾಯ, ನನಗೆ ಬೇಕಾಗಿದ್ದು ಬಿಸಿ ತಡೆಯೋದು ಅಂದೆ. ಮಾಮೂಲಿ ಹೈಡ್ರಾಲಿಕ್ ಹೋಸ್ 100 ಡಿಗ್ರಿಗೆ ಅಂತ ಇರ್ತೈತೆ, ಅದನ್ನ ಯಾರೂ ಕೇಳಲ್ಲ, ಎಲ್ರೂ ಬಾರ್ ಕೇಳ್ತಾರೆ. ಹೈ ಟೆಂಪರೇಚರ್ ಹೋಸ್ ಬೇರೆ ಬರ್ತೈತೆ, ಅದನ್ನ ತರಿಸಿಕೊಟ್ಟ, ಒಂದೇ ವೈರ್‌ದು, ಸ್ವಲ್ಪ ಮೆತ್ತಗೂ ಇತ್ತು.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ಹೇಳ್ತೀನಿ. ಹೋಸ್‌ನ ಎರಡೂ ತುದಿಗೆ ಬೆಂಡ್ ಫಿಟ್ಟಿಂಗ್ ಹಾಕೋದಾದ್ರೆ, ಒಂದು ಬೆಂಡ್ ಯಾವ ಕಡೆ ನೋಡ್ತೈತೆ, ಇನ್ನೊಂದು ಯಾವ ಕಡೆ ಅನ್ನೋದು ಕ್ರಿಂಪ್ ಮಾಡಿದ ಕ್ಷಣಕ್ಕೇ ಫಿಕ್ಸು, ಆಮೇಲೆ ತಿರುಚಿ ಕೂರಿಸೋಕೆ ಹೋದ್ರೆ ಹೋಸ್ ಸ್ವಲ್ಪ ದಿನಕ್ಕೇ ಸಾಯ್ತೈತೆ. ನಾನು ದಪ್ಪ ಜಿಐ ತಂತಿ ತಗೊಂಡು ಕಾರಲ್ಲೇ ದಾರಿ ಬಗ್ಗಿಸಿ, ಇಂಜಿನ್ ಅಲ್ಲಾಡೋಕೆ ಅಂತ ಸ್ವಲ್ಪ ಸಡಿಲ ಬಿಟ್ಟು, ಆ ತಂತೀನೇ ಅಂಗಡಿಗೆ ಒಯ್ದೆ. ಇನ್ನೊಂದು, ಅವರು ಹೋಸ್ ಕಟ್ ಮಾಡೋದು ಕಟ್ಟಿಂಗ್ ವೀಲ್‌ನಲ್ಲಿ, ಒಳಗೆ ಕರಿ ರಬ್ಬರ್ ಪುಡಿ, ಉಕ್ಕಿನ ಪುಡಿ ಅಂಟ್ಕೊಂಡಿರ್ತೈತೆ. ಟಿಪ್ಪರ್‌ಗೆ ಅಂದ್ರೆ ಸುಮ್ನೆ ಒಂದು ಊದು ಊದಿ ಕೊಟ್ಬಿಡ್ತಾರೆ. ನಾನು ಕ್ರಿಂಪ್ ಮಾಡೋಕೆ ಮುಂಚೆನೇ ಸೀಮೆಎಣ್ಣೆಲಿ ಅದ್ದಿದ ಬಿಳಿ ಬನಿಯನ್ ಬಟ್ಟೆ ತಂತಿಗೆ ಕಟ್ಟಿ ಎಳೆದೆ, ಮೊದಲ ಸಲ ಬಂದ ಬಟ್ಟೆ ನೋಡಿ ಆ ಹುಡುಗನೇ ಸುಮ್ನಾದ, ಬಟ್ಟೆ ಬೆಳ್ಳಗೆ ಬರೋವರೆಗೂ ಎಳೆದು ಆಮೇಲೆ ಏರ್ ಹೊಡೆಸಿದೆ.

ಕೂಲರ್ ರೇಡಿಯೇಟರ್ ಕೆಳಗೆ, ಬಾಯಿ ಮೇಲಕ್ಕೆ ಬರೋ ಹಂಗೆ, ರಬ್ಬರ್ ಬುಷ್ ಮೇಲೆ ಕೂರಿಸಿದ್ದು. ಅಲ್ಯೂಮಿನಿಯಂನ ಸೀದಾ ಚಾಸಿಗೆ ಬೋಲ್ಟ್ ಹೊಡೆದ್ರೆ ನಮ್ಮ ರೋಡ್‌ಗೆ ಮೂಲೆ ಸೀಳ್ತೈತೆ, ಆಮೇಲೆ ಆರ್ಗಾನ್ ವೆಲ್ಡಿಂಗ್‌ಗೆ ಅಲಿಬೇಕು. ಟೈಟ್ ಮಾಡುವಾಗ ಎರಡು ಸ್ಪ್ಯಾನರ್, ಒಂದು ಹಿಡಿಯೋಕೆ, ಒಂದು ತಿರುಗಿಸೋಕೆ.

ಆದ್ರೆ ದೊಡ್ಡ ಕೂಲರ್ ಹಾಕಿದ್ರೂ ಗಾಳಿ ಅದರೊಳಗಿಂದಲೇ ಹೋಗಬೇಕು ಅಂತ ಏನಿಲ್ಲ, ಪಕ್ಕದಲ್ಲಿ ಸಂದಿ ಇದ್ರೆ ಅಲ್ಲಿಂದ ಜಾರ್ಕೊಂಡು ಹೋಗ್ತೈತೆ. ಬಂಪರ್ ಬಾಯಿಂದ ಕೂಲರ್‌ವರೆಗೆ ಅಲ್ಯೂಮಿನಿಯಂ ಶೀಟಿನ ಡಬ್ಬ ಮಾಡಿಸಿ ಸಂದೀಗೆಲ್ಲ ಫೋಮ್ ತುರುಕಿಸಿದೆ, ಹಿಂದೆ ಗಾಳಿ ಹೊರಗೆ ಹೋಗೋಕೆ ದಾರಿ ಬಿಟ್ಟೆ. ಶೀಟ್ ಮಡಚಿದ್ದು ಮನೆ ಕೂಲರ್ ಬಾಡಿ ಮಾಡೋ ತಗಡಿನ ಅಂಗಡಿಯವರು. ಕಾರಿಗೆ ಕೂಲರ್ ಅಂದಿದ್ದಕ್ಕೆ ಹುಲ್ಲು ಎಲ್ಲಿ ಹಾಕ್ತೀರಿ, ನೀರು ಎಲ್ಲಿ ತುಂಬಿಸ್ತೀರಿ ಅಂತ ಕೇಳಿದ್ರು. ಈ ಡಬ್ಬ ಇಲ್ದೆ ಒಂದಿನ ಓಡಿಸಿ ನೋಡಿದ್ದೆ, ಡಬ್ಬ ಹಾಕಿ ಅದೇ ಹೊಸಪೇಟೆ ರೋಡಲ್ಲಿ ಅದೇ ಹೊತ್ತಿಗೆ ಓಡಿಸಿದೆ, ಗೇಜ್‌ನಲ್ಲಿ ಎಂಟತ್ತು ಡಿಗ್ರಿ ವ್ಯತ್ಯಾಸ, ಕೂಲರ್ ಅದೇ.

ಥರ್ಮೋಸ್ಟಾಟ್ (ಬಿಸಿ ಆಗೋವರೆಗೂ ಆಯಿಲ್‌ನ ಕೂಲರ್‌ಗೆ ಬಿಡದ ವಾಲ್ವು) ಬೇಕಾ ಅಂದ್ರೆ ಬೇಕು. ಡಿಸೆಂಬರ್ ಮುಂಜಾನೆ ಇಲ್ಲೂ ಚಳಿನೇ, ಆಯಿಲ್ ಬಿಸಿ ಆಗದೆ ಸುತ್ತಾಡಿದ್ರೆ ಒಳಗಿನ ತೇವ ಆರಲ್ಲ. ಮಜ್ದಾದ ಹಳೇ ಕೂಲರ್‌ನಲ್ಲಿ ಅಂಥ ಬೈಪಾಸ್ ಒಳಗೇ ಇರ್ತೈತೆ, ಹೊರಗಿಂದ ತಂದ ಕೂಲರ್‌ನಲ್ಲಿ ಇರಲ್ಲ, 80 ಹತ್ರ ತೆರೆಯೋದೊಂದು ಬೇರೆ ಹಾಕಿಸಿದೆ.

ಸ್ಟಾರ್ಟ್ ಮಾಡೋಕೆ ಮುಂಚೆ ಕೂಲರ್‌ಗೆ, ಹೋಸ್‌ಗೆ ಆಯಿಲ್ ತುಂಬಿಸಿ, ಇಂಜಿನ್ ಸ್ಟಾರ್ಟ್ ಆಗದಂಗೆ ಕಾಯಿಲ್ ವೈರ್ ಬಿಚ್ಚಿ, ಪ್ರೆಷರ್ ಮುಳ್ಳು ಏಳೋವರೆಗೂ ಬಿಟ್ಟು ಬಿಟ್ಟು ಸೆಲ್ಫ್ ಹೊಡೀಬೇಕು. ಸ್ಟಾರ್ಟ್ ಆದ್ಮೇಲೆ ಆಫ್ ಮಾಡಿ ಡಿಪ್‌ಸ್ಟಿಕ್ ನೋಡಿ, ಕಮ್ಮಿ ತೋರಿಸೇ ತೋರಿಸ್ತೈತೆ, ಟಾಪಪ್ ಮಾಡಿ. ನಾನು ಹಾಕೋದು 20ಡಬ್ಲ್ಯೂ-50 ಮಿನರಲ್ ಆಯಿಲ್ಲು, ರೋಟರಿಗೆ ಸಿಂಥೆಟಿಕ್ ಹಾಕಬಹುದಾ ಬೇಡವಾ ಅನ್ನೋ ಜಗಳಕ್ಕೆ ನಾನು ಬರಲ್ಲ.

ಈಗ ಮೇ ತಿಂಗಳ ಮಧ್ಯಾಹ್ನ ಹೈವೇಲಿ 95 ಹತ್ರ ನಿಲ್ತೈತೆ, ಸಂಡೂರು ಕುಮಾರಸ್ವಾಮಿ ಗುಡ್ಡ ಸೆಕೆಂಡ್ ಗೇರಲ್ಲಿ ಹತ್ತುವಾಗ 105 ಮುಟ್ಟಿ ಇಳಿಯುವಾಗ ವಾಪಸ್ ಬರ್ತೈತೆ. ಲಾರಿ ಹಿಂದೆ ನಿಂತ್ಕೊಂಡಾಗ ಮಾತ್ರ ಏರ್ತೈತೆ, ಫ್ಯಾನ್ ಇಲ್ಲದ ಕೂಲರ್ ನಿಂತಲ್ಲಿ ಏನ್ ಮಾಡ್ತೈತೆ ಪಾಪ. ಸಣ್ಣ ಫ್ಯಾನ್ ಒಂದು ಹಾಕೋ ಯೋಚನೆ ಐತೆ. ಸಂಡೂರು ಕಡೆ ಹೋಗಿ ಬಂದ್ಮೇಲೆ ಫಿನ್ ತುಂಬಾ ಕೆಂಪು ಧೂಳು ಕೂತಿರ್ತೈತೆ, ಹಿಂದಿಂದ ಮುಂದಕ್ಕೆ ಮಾಮೂಲಿ ಪೈಪ್ ನೀರು ಬಿಟ್ಟು ತೊಳೀತೀನಿ. ವಾಟರ್ ಸರ್ವಿಸ್‌ನೋರ ಗನ್ ಮಾತ್ರ ಅದರ ಹತ್ರ ಬಿಡಬೇಡಿ, ಫಿನ್ ಎಲ್ಲ ಮಲಗಿಬಿಡ್ತಾವೆ.