ದೂರದ ಎರಡು ಸಿಟಿ ಮಧ್ಯೆ ಫ್ಲೈಟ್ ದೂರ, ಟೈಮ್ ಲೆಕ್ಕ ಹಾಕೋದು ಹೇಗೆ

ಸಂಜೆ 5ಕ್ಕೆ ಹೊರಟ ಫ್ಲೈಟ್ ಅದೇ ದಿನ ಬೆಳಗ್ಗೆ 10ಕ್ಕೆ ತಲುಪುತ್ತೆ ಅಂತ ಟಿಕೆಟ್‌ನಲ್ಲಿ ಇದ್ರೆ ಅದು ಪ್ರಿಂಟ್ ಮಿಸ್ಟೇಕ್ ಅಲ್ಲ, ಚಳಿಗಾಲದಲ್ಲಿ ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೋದ್ರೆ ಹೀಗೇ ಆಗುತ್ತೆ. ಇದೇ ರೂಟ್ ಇಟ್ಕೊಂಡು ಲೆಕ್ಕ ಮಾಡೋಣ, ಬೇರೆ ಊರುಗಳಿಗೂ ದಾರಿ ಇದೇ.

ಮೊದಲು ದೂರ. ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೀಲೇಬೇಡಿ. ಈ ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಹಾಗಂತ ಮ್ಯಾಪ್‌ನಲ್ಲಿ ಕಾಣೋ ಹಾಗೆ ಸೀದಾ ಪೂರ್ವಕ್ಕೆ ಹೋದ್ರೆ ಸುಮಾರು 9,300 ಕಿ.ಮೀ. ಆಗುತ್ತೆ, ಆದ್ರೆ ಭೂಮಿ ದುಂಡಗಿದೆಯಲ್ಲ, ಉತ್ತರಕ್ಕೆ ಸುಮಾರು 48 ಡಿಗ್ರಿ ತನಕ ಹತ್ತಿ ಇಳಿಯೋ ದಾರೀನೇ ಹತ್ತಿರ, ಸುಮಾರು 8,800 ಕಿ.ಮೀ. ಗ್ಲೋಬ್ ಇದ್ರೆ ಎರಡು ಊರಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ, ತಾನೇ ಮೇಲಕ್ಕೆ ಸರಿಯುತ್ತೆ. ಗೂಗಲ್ ಅರ್ಥ್‌ನಲ್ಲಿ ಅಳತೆ ಟೂಲ್ ಇದೆ, ಅದೂ ಸಾಕು. ದೂರ ನಾಟಿಕಲ್ ಮೈಲಿಯಲ್ಲಿ (ವಿಮಾನ, ಹಡಗಿನವರು ಬಳಸೋ ಮೈಲಿ) ಕೊಟ್ಟಿದ್ರೆ 1.852ರಿಂದ, ಮಾಮೂಲಿ ಮೈಲಿಯಲ್ಲಿ ಕೊಟ್ಟಿದ್ರೆ 1.609ರಿಂದ ಗುಣಿಸಿದ್ರೆ ಕಿ.ಮೀ. ಸಿಗುತ್ತೆ.

ಇನ್ನು ಟೈಮ್. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತೆ, 8,800ನ್ನ 900ರಿಂದ ಭಾಗಿಸಿದ್ರೆ 9 ಮುಕ್ಕಾಲು ಗಂಟೆ ಚಿಲ್ಲರೆ, ರನ್‌ವೇಗೆ ಹೋಗೋದು, ಮೇಲೇರೋದು, ಇಳಿಯೋದು ಎಲ್ಲ ಸೇರಿ ಇನ್ನೊಂದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಾಕ್ಕೊಳ್ಳಿ. ಗಾಳಿ ಲೆಕ್ಕ ಮಾತ್ರ ಬಿಡಬೇಡಿ, ಬಹಳ ಜನ ಎಡವೋದು ಇಲ್ಲೇ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಪೆಸಿಫಿಕ್ ಮೇಲೆ ಗಂಟೆಗೆ 200 ಕಿ.ಮೀ. ದಾಟೋದುಂಟು, ಅದಕ್ಕೇ ಹೋಗುವಾಗ ಸುಮಾರು 10 ಗಂಟೆ ಸಾಕಾದ್ರೆ ವಾಪಸ್ ಬರುವಾಗ ಹನ್ನೊಂದೂವರೆ ಹನ್ನೆರಡು ಆಗುತ್ತೆ.

ತಲುಪೋ ಟೈಮ್‌ಗೆ ಎಲ್ಲಾನೂ ಯುಟಿಸಿಗೆ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಆಧಾರ ಸಮಯಕ್ಕೆ, ತಂದ್ಕೊಳ್ಳಿ, ಗೊಂದಲಾನೇ ಇರಲ್ಲ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಅಲ್ಲಿ ಸಂಜೆ 5 ಅಂದ್ರೆ ಯುಟಿಸಿ ಬೆಳಗ್ಗೆ 8. 10 ಗಂಟೆ ಕೂಡಿಸಿ, ಸಂಜೆ 6. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ಕಳೆದ್ರೆ ಬೆಳಗ್ಗೆ 10, ತಾರೀಖೂ ಅದೇ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದೆ ಮಾಡ್ತಾರೆ, ಜಪಾನ್‌ನವರು ಮಾಡಲ್ಲ, ಆಗ 8ರ ಬದಲು 7 ಕಳೀಬೇಕು. ವಾಪಸ್ ಟಿಕೆಟ್‌ನಲ್ಲಿ +1 ಅಂತ ಇದ್ರೆ ಮರುದಿನ ತಲುಪ್ತೀರಿ ಅಂತ, ಹೋಟೆಲ್ ಬುಕ್ ಮಾಡೋ ಮುಂಚೆ ಇದನ್ನ ನೋಡ್ಲೇಬೇಕು.

ಕೆಲವು ರೂಟ್‌ನಲ್ಲಿ ಮಾತ್ರ ಈ ಲೆಕ್ಕ ಕೂಡಲ್ಲ. 2022ರಿಂದ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿರೋದ್ರಿಂದ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಿಂದ ಟೋಕಿಯೊಗೆ ಮುಂಚೆ ಒಂಬತ್ತೂವರೆ ಗಂಟೆ ಆಗ್ತಿದ್ದದ್ದು ಈಗ ಸುತ್ತಿ ಬಳಸಿ 13ರ ಹತ್ತಿರ ಹೋಗಿದೆ. ಹಂಗಾಗಿ ಲೆಕ್ಕ ಹಾಕಿದ ಮೇಲೆ ವಿಮಾನಗಳ ಓಡಾಟ ತೋರಿಸೋ ಫ್ಲೈಟ್‌ರಾಡಾರ್24 ವೆಬ್‌ಸೈಟ್‌ನಲ್ಲಿ ಆ ಫ್ಲೈಟ್ ನಂಬರ್ ಹಾಕಿ ಹಿಂದಿನ ಕೆಲವು ದಿನ ನಿಜವಾಗಿ ಎಷ್ಟು ಹೊತ್ತು ಹಿಡೀತು ಅಂತ ನೋಡ್ಕೊಳ್ಳಿ.