ಚೌಕಾಸಿ ಬಿಟ್ಟ ಮೇಲೆ

ಆರು ವರ್ಷದ ಹಿಂದಿನ ಮಾತು. ಬೇಸಿಗೆ ಬಂತೆಂದರೆ ನಮ್ಮ ಕುಮಟಾ ಹತ್ತಿರದ ಅಳ್ವೇಕೋಡಿಯಲ್ಲಿ ಹೆದ್ದಾರಿ ಪಕ್ಕ ಸಿಹಿ ಈರುಳ್ಳಿ ಮಾರಲು ಕೂರುತ್ತಾರೆ. ಈರುಳ್ಳಿಯನ್ನು ಎಲೆ ಸಮೇತ ಜಡೆ ಹೆಣೆದ ಹಾಗೆ ಕಟ್ಟಿ, ಗೊಂಚಲು ಗೊಂಚಲಾಗಿ ತೂಗುಹಾಕಿರುತ್ತಾರೆ. ಅವತ್ತು ನಾನು ಒಂದು ಗೊಂಚಲಿಗೆ 20 ರೂಪಾಯಿ ಕಡಿಮೆ ಮಾಡಿ ಅಂತ ನಿಂತುಬಿಟ್ಟೆ. "ಅಷ್ಟಕ್ಕೆ ಬರೂದಿಲ್ಲ ತಂಗಿ" ಅಂದರು ಆ ಅಮ್ಮ. ನಾನು ಬಿಡಲಿಲ್ಲ. ಬಿಸಿಲು ಏರುತ್ತಿತ್ತು, ಕೊನೆಗೆ ಕೊಟ್ಟರು.

ಅದೇ ರಾತ್ರಿ ಮಲಗಿಕೊಂಡು ಮೊಬೈಲ್ ನೋಡುತ್ತಾ ಈರುಳ್ಳಿ ಹೆಚ್ಚುವ ಪ್ಲಾಸ್ಟಿಕ್ ಮೆಷಿನ್ ಒಂದನ್ನು 799 ರೂಪಾಯಿ ಕೊಟ್ಟು ತರಿಸಿದೆ. ಅದಕ್ಕೆ ಚೌಕಾಸಿ ಇಲ್ಲ, ಒಂದು ಮಾತೂ ಇಲ್ಲ. ಮೂರು ತಿಂಗಳಿಗೆ ಅದರ ಎಳೆಯುವ ದಾರ ತುಂಡಾಯಿತು. ರಿಪೇರಿ ಮಾಡುವವರು ಯಾರೂ ಸಿಗಲಿಲ್ಲ. ಅದನ್ನು ಕಸಕ್ಕೆ ಹಾಕುವಾಗ ಆ ಅಮ್ಮನ ಮುಖ ನೆನಪಾಯಿತು ನೋಡಿ, ನನಗೆ ನಿಜಕ್ಕೂ ನಾಚಿಕೆಯಾಯಿತು. ಬೆಳೆದು, ಹೆಣೆದು, ಬಿಸಿಲಲ್ಲಿ ಕೂತು ಮಾರುವವರ ಹತ್ತಿರ 20 ರೂಪಾಯಿಗೆ ಜಗಳ ಆಡಿದವಳು ಮುಖವೇ ಕಾಣದವರಿಗೆ ಕೇಳಿದಷ್ಟು ಕೊಟ್ಟಿದ್ದೆ.

ಸರಳ ಬದುಕು ಅಂದರೆ ಕಡಿಮೆ ದುಡ್ಡಲ್ಲಿ ಬದುಕುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇಡದ ಹತ್ತು ಸಾಮಾನು ಬಿಟ್ಟರೆ, ಬೇಕಾದ ಒಂದಕ್ಕೆ ಸರಿಯಾದ ಬೆಲೆ ಕೊಡಲು ಕೈಯಲ್ಲಿ ದುಡ್ಡು ಉಳಿಯುತ್ತದೆ.

ಮೊದಲು ಮಾಡಿದ್ದು ಇಷ್ಟೇ. ಏನಾದರೂ ಕೊಳ್ಳಬೇಕು ಅನ್ನಿಸಿದರೆ ಅಡುಗೆಮನೆ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಡುವುದು. ತಿಂಗಳು ಮುಗಿದು ಹಾಳೆ ತಿರುಗಿಸುವಾಗಲೂ ಅದು ಬೇಕು ಅನ್ನಿಸಿದರೆ ತರುವುದು. ಮೊದಲ ವರ್ಷ 31 ಸಾಮಾನು ಬರೆದಿದ್ದೆ, ತಂದಿದ್ದು 9. ಉಳಿದ ಎಷ್ಟೋ ಯಾಕೆ ಬೇಕಾಗಿತ್ತು ಅನ್ನುವುದೇ ಆಮೇಲೆ ನೆನಪಾಗಲಿಲ್ಲ.

ಹಾಗೆ ಉಳಿದ ದುಡ್ಡಲ್ಲಿ ನಾವು ಕಗ್ಗ ಅಕ್ಕಿ ಕೊಳ್ಳಲು ಶುರು ಮಾಡಿದೆವು. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ, ಉಪ್ಪುನೀರು ನುಗ್ಗುವ ಜಾಗ. ಬೇರೆ ಭತ್ತ ಅಲ್ಲಿ ಸತ್ತೇಹೋಗುತ್ತದೆ, ಕಗ್ಗ ತಡೆದುಕೊಳ್ಳುತ್ತದೆ. ಗೊಬ್ಬರ, ಔಷಧ ಹಾಕುವುದಿಲ್ಲ. ಕೊಯ್ಯಲು ಮಾತ್ರ ಕೆಸರಿಗೆ ಇಳಿಯಬೇಕು, ಕೈಯಿಂದಲೇ ಕೊಯ್ಯಬೇಕು. ಅದೇ ಗಜನಿಯಲ್ಲಿ ಸಿಗಡಿ ಬೆಳೆಸಿದರೆ ಹಣ ಜಾಸ್ತಿ, ಹಾಗಾಗಿ ಭತ್ತ ಬಿಟ್ಟವರು ಬಹಳ ಜನ. ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುವ ಒಂದು ಮನೆಯಿಂದ ವರ್ಷಕ್ಕೊಂದು ಚೀಲ ತರುತ್ತೇವೆ, ಅವರು ಹೇಳಿದ ಬೆಲೆಗೆ. ದಿನಾ ಊಟಕ್ಕೆ ಮಗಳು ಒಪ್ಪಲಿಲ್ಲ, ಅಕ್ಕಿ ಕೆಂಪು, ದಪ್ಪ. ಹಾಗಾಗಿ ರಾತ್ರಿ ಗಂಜಿಗೆ ಮಾತ್ರ. ಒಂದು ಮಿಡಿ ಉಪ್ಪಿನಕಾಯಿ ಇದ್ದರೆ ಆ ಗಂಜಿಗೆ ಬೇರೇನೂ ಬೇಡ.

ಉಪ್ಪಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪು ನಮ್ಮ ಮನೆಗೆ ಬರುತ್ತದೆ, ಆದರೆ ಉಪ್ಪಿನಕಾಯಿಗೆ ಮತ್ತು ಮೀನು ಒಣಗಿಸಲು ಮಾತ್ರ. ದಿನದ ಅಡುಗೆಗೆ ಅಯೋಡಿನ್ ಸೇರಿಸಿದ ಪ್ಯಾಕೆಟ್ ಉಪ್ಪೇ. ಅಯೋಡಿನ್ ಕಡಿಮೆಯಾದರೆ ಗಳಗಂಡ ಬರುತ್ತದೆ. ನಮ್ಮ ಹಠಕ್ಕೆ ಮಕ್ಕಳ ಆರೋಗ್ಯ ಕೆಡಿಸಬಾರದು, ಅಲ್ವಾ?

ಅಂಟುವಾಳದಲ್ಲಿ ನಾನು ಸೋತಿದ್ದೂ ಹೇಳುತ್ತೇನೆ. ಬಟ್ಟೆ ಒಗೆಯುವ ಪುಡಿ ಬಿಡಬೇಕು ಅಂತ ಶಿರಸಿಯಿಂದ ಎರಡು ಕೆಜಿ ಅಂಟುವಾಳ ತಂದೆ. ಹತ್ತು ಹನ್ನೆರಡು ಕಾಯಿ ಜಜ್ಜಿ ಬೀಜ ತೆಗೆದು, ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಆರಿದ ಮೇಲೆ ಕೈಯಲ್ಲಿ ಹಿಸುಕಿದರೆ ಬಿಳಿ ನೊರೆ ಉಕ್ಕುತ್ತದೆ. ಹಳೆ ಪಂಚೆಯಲ್ಲಿ ಸೋಸಿಕೊಳ್ಳಬೇಕು. ಕೈ ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು. ನಾನು ವಾರಕ್ಕಾಗುವಷ್ಟು ಒಟ್ಟಿಗೆ ಮಾಡಿಟ್ಟೆ. ಜುಲೈ ತಿಂಗಳು, ಐದು ದಿನದಿಂದ ಬಿಸಿಲು ಕಂಡಿರಲಿಲ್ಲ. ನಾಲ್ಕನೇ ದಿನ ನೀರು ಹುಳಿ ವಾಸನೆ ಹೊಡೆಯಿತು, ಅದರಲ್ಲಿ ಒಗೆದ ಮಗಳ ಬಿಳಿ ಯುನಿಫಾರ್ಮ್ ಕೂಡ. ಅವಳು ಅಳುತ್ತಾ ಶಾಲೆಗೆ ಹೋದಳು. ಅತ್ತೆ ಆಮೇಲೆ ಹೇಳಿದರು, "ನಾವು ರೇಷ್ಮೆ ಸೀರೆಗೆ ಹಾಕ್ತಿದ್ವಿ, ಮಳೆಗಾಲದಲ್ಲಿ ಮುಟ್ತಿರಲಿಲ್ಲ. ಕೇಳಿದ್ರೆ ಹೇಳ್ತಿದ್ದೆ." ಕೇಳಬೇಕಿತ್ತು. ಈಗ ಒಣ ಸಿಪ್ಪೆ ಡಬ್ಬಿಯಲ್ಲಿಟ್ಟು, ಬೇಸಿಗೆಯಲ್ಲಿ ಆಯಾ ದಿನಕ್ಕೆ ಬೇಕಾದಷ್ಟೇ ಮಾಡುತ್ತೇನೆ. ಯುನಿಫಾರ್ಮಿಗೆ, ಮಳೆಗಾಲಕ್ಕೆ ಬಾರ್ ಸೋಪು.

ಕೊಡೆ ಹೊಸದು ತರುವುದಿಲ್ಲ. ಮಳೆಗೆ ಮುಂಚೆ ರಿಪೇರಿಯವರು ಕೂರುತ್ತಾರೆ, ಮುರಿದ ಕಡ್ಡಿ ಬದಲಿಸಿ ಹೊಲಿದು ಕೊಡುತ್ತಾರೆ. ನಮ್ಮನೆಯವರ ಕೊಡೆಗೆ ಹನ್ನೊಂದು ವರ್ಷ.

ಕಷ್ಟ ಅಂದರೆ ಮಗಳ ಹುಟ್ಟುಹಬ್ಬ. ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಪ್ಯಾಕೆಟ್ ಕೊಡುವುದು ಈಗ ರೂಢಿ. "ನಾನೊಬ್ಬಳೇ ಕೊಡದೆ ಇರೋದಾ?" ಅಂದಳು. ಅವಳ ಆಸೆಯೂ ತಪ್ಪಲ್ಲ, ನನ್ನ ವಿಚಾರ ಅವಳ ಮೇಲೆ ಹೇರುವುದು ಸರಿ ಕಾಣಲಿಲ್ಲ. ಶಿರಸಿ ಕಡೆಯ ನನ್ನ ಅಕ್ಕ ಕಬ್ಬಿನ ಹಾಲಿನ ತೊಡದೇವು ಅನ್ನುವ ಸಿಹಿತಿಂಡಿ ಮಾಡುತ್ತಾಳೆ, ಮಗುಚಿದ ಮಡಕೆ ಮೇಲೆ ಹಿಟ್ಟನ್ನು ಬಟ್ಟೆಯಲ್ಲಿ ಸವರಿ, ಕಾಗದದಷ್ಟು ತೆಳ್ಳಗೆ. ಅವಳ ಕೆಲಸಕ್ಕೆ ದುಡ್ಡು ಕೊಟ್ಟೇ ತರಿಸಿ, ಮಕ್ಕಳಿಗೆ ಎರಡೆರಡು ಕಟ್ಟಿ ಕೊಟ್ಟೆವು. ಬಸ್ಸಿನಲ್ಲಿ ಬರುವಾಗಲೇ ಕಾಲು ಭಾಗ ಪುಡಿಯಾಗಿತ್ತು. ಮಕ್ಕಳು ಆ ಪುಡಿಯನ್ನೂ ತಟ್ಟೆಗೆ ಹಾಕಿಸಿಕೊಂಡು ತಿಂದರು.

ಈ ಸಲ ಏಪ್ರಿಲ್‌ನಲ್ಲಿ ಅಳ್ವೇಕೋಡಿಗೆ ಹೋದಾಗ ಬೆಲೆ ಕೇಳಿ, ಕೊಟ್ಟು, ಎರಡು ಗೊಂಚಲು ತಂದೆ. "ಒಲೆ ಹತ್ರ ಕಟ್ಟಬೇಡ ತಂಗಿ, ಗಾಳಿ ಆಡೋ ಕಡೆ ಕಟ್ಟು, ಮೆತ್ತಗಾಗಿದ್ದು ಕಂಡ್ರೆ ಮೊದಲು ಅದನ್ನ ಕಿತ್ಕೋ" ಅಂತ ಹೇಳಿ ಕಳಿಸಿದರು. ಜಗಲಿಯ ಗಳಕ್ಕೆ ಕಟ್ಟಿದ್ದೇನೆ. ಹೆಚ್ಚುವುದು ಅತ್ತೆಯ ಹಳೆ ಮೆಟ್ಟುಗತ್ತಿಯಲ್ಲಿ.